ಸಿಕ್ತಾ ಸಾರ್ ಮತ್ತು ಹಾರುವ ಸೈಕಲ್ಲು

ಬಸ್ ಡಿಪೋದ ಹಿಂಭಾಗದಲ್ಲಿ, ಹಳೆ ಟೈರುಗಳ ರಾಶಿಗೂ ಕಂಡಕ್ಟರುಗಳು ಟೀ ಕುಡಿಯುವ ಕಟ್ಟೆಗೂ ನಡುವೆ ಒಂದು ಕಿಟಕಿಯಿತ್ತು. ಅದರ ಮೇಲೆ 'ಕಳೆದುಹೋದ ವಸ್ತುಗಳ ವಿಭಾಗ' ಎಂಬ ಬೋರ್ಡು. ವಿಭಾಗವೆಂದರೆ ಒಂದು ಮೇಜು, ಎರಡು ಬೀರು, ಒಂದು ದಪ್ಪ ರಿಜಿಸ್ಟರು, ಮತ್ತು ಇವುಗಳ ನಡುವೆ ಹದಿನೇಳು ವರ್ಷದಿಂದ ಕೂತಿದ್ದ ಒಬ್ಬ ಗುಮಾಸ್ತರು. ಕಿಟಕಿಗೆ ಬಂದವರೆಲ್ಲ ತಲೆ ತೂರಿಸಿ ಕೇಳುತ್ತಿದ್ದದ್ದು ಒಂದೇ ಮಾತು: "ಸಿಕ್ತಾ ಸಾರ್?" ಹೀಗಾಗಿ ಅವರಿಗೆ 'ಸಿಕ್ತಾ ಸಾರ್' ಎಂದೇ ಹೆಸರು ಬಿತ್ತು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದುಕೊಂಡಿತು.

ಸಿಕ್ತಾ ಸಾರ್ ಅವರಿಗೆ ತಮ್ಮ ಬುದ್ಧಿಯ ಬಗ್ಗೆ ಒಂದು ನಂಬಿಕೆಯಿತ್ತು. ವಸ್ತುವನ್ನು ಕೈಯಲ್ಲಿ ಹಿಡಿದರೆ ಸಾಕು, ಅದರ ಒಡೆಯ ಎಂಥವನೆಂದು ಹೇಳಬಲ್ಲೆ ಎಂಬ ನಂಬಿಕೆ. ಒಮ್ಮೆ ಸವೆದ ಹಿಡಿಯ ಕೊಡೆಯೊಂದನ್ನು ತಿರುಗಿಸಿ ನೋಡಿ, "ಎಡಗೈಯವನು, ಎತ್ತರದ ಆಳು, ಜಗಳಗಂಟ" ಎಂದು ಘೋಷಿಸಿದ್ದರು. ಮಾರನೆಯ ದಿನ ಕೊಡೆ ಕೇಳಿಕೊಂಡು ಬಂದವರು ಬಲಗೈಯಲ್ಲಿ ಸಹಿ ಮಾಡುವ, ಕಿಟಕಿಗೆ ತಲೆಯೂ ಎಟುಕದ ಒಬ್ಬ ಸಾಧು ಹೆಂಗಸು. ಇದು ನಿಮ್ಮದೆಂಬುದಕ್ಕೆ ರುಜುವಾತೇನು, ಗುರುತೇನು, ಕೊಂಡದ್ದೆಲ್ಲಿ ಎಂದು ಸಿಕ್ತಾ ಸಾರ್ ಆಕೆಯನ್ನು ಅರ್ಧ ಗಂಟೆ ನಿಲ್ಲಿಸಿಕೊಂಡರು. ಕೊನೆಗೆ ಆಕೆ ಕಿರುಚಾಡಿ ಕೊಡೆ ಕಿತ್ತುಕೊಂಡು ಹೋದ ಮೇಲೆ, ರಿಜಿಸ್ಟರಿನ ಅಂಚಿನಲ್ಲಿ 'ಜಗಳಗಂಟ ಎಂಬುದು ಸರಿಯಾಯಿತು' ಎಂದು ಬರೆದುಕೊಂಡರು.

ಅವರ ಇನ್ನೊಂದು ಗುಣ, ಹೊಟ್ಟೆಯಲ್ಲಿ ಮಾತು ನಿಲ್ಲದಿರುವುದು. ಆದರೆ ಅದನ್ನವರು ಒಪ್ಪುತ್ತಿರಲಿಲ್ಲ. ಏಕೆಂದರೆ ಯಾವ ಗುಟ್ಟನ್ನೂ ಅವರು "ಯಾರಿಗೂ ಹೇಳಬೇಡಿ" ಎನ್ನದೆ ಹೇಳಿದವರೇ ಅಲ್ಲ.

ಒಂದು ಸೋಮವಾರ ಮಧ್ಯಾಹ್ನ ಹನ್ನೊಂದನೇ ನಂಬರಿನ ಕಂಡಕ್ಟರು ಅಂಗೈಯಗಲದ ಒಂದು ವಿಡಿಯೋ ಕ್ಯಾಮೆರಾ ತಂದು ಮೇಜಿನ ಮೇಲಿಟ್ಟ. "ಹಿಂದಿನ ಸೀಟಲ್ಲಿ ಸಿಕ್ತು. ಸ್ಕೂಲ್ ಮಕ್ಕಳದ್ದಿರ್ಬೇಕು" ಎಂದು ಟೀ ಕುಡಿಯಲು ಹೋದ. ಒಡೆಯರ ಪತ್ತೆಗಾಗಿ ವಸ್ತುವನ್ನು ತೆರೆದು ನೋಡಬಹುದೆಂದು ನಿಯಮವೇ ಇತ್ತು. ಸಿಕ್ತಾ ಸಾರ್ ಬಾಗಿಲು ಮುಂದೆ ಮಾಡಿ, ಕನ್ನಡಕ ಒರೆಸಿಕೊಂಡು, ಗುಂಡಿಯೊಂದನ್ನು ಒತ್ತಿದರು.

ಪುಟ್ಟ ಪರದೆಯಲ್ಲಿ ಚಿತ್ರ ಓಡತೊಡಗಿತು. ಚಿತ್ರ ಒಂದೇ ಸಮ ನಡುಗುತ್ತಿತ್ತು, ಹಿಡಿದವರು ನಡೆಯುತ್ತಿದ್ದಂತೆ. ಪಾಳುಬಿದ್ದ ಪಂಪ್ ಹೌಸು. ಒಬ್ಬ ಉದ್ದನೆಯ ಹುಡುಗ, ಒಬ್ಬಳು ಗುಂಗುರು ಕೂದಲಿನ ಹುಡುಗಿ. ನೆಲದಲ್ಲೊಂದು ಗುಂಡಿ, ಗುಂಡಿಯೊಳಗೆ ನೀಲಿ ಬೆಳಕು. "ಮುಟ್ಟಬೇಡ ಕಣೋ!" ಎಂಬ ಕೂಗು. ಕ್ಯಾಮೆರಾ ಉರುಳಿ ಎಲ್ಲಾ ಕತ್ತಲು. ಅದಾದ ಮೇಲೆ ನಡೆದದ್ದನ್ನು ನೋಡಿ ಸಿಕ್ತಾ ಸಾರ್ ಅವರ ಟೀ ಆರಿಹೋಯಿತು. ಉದ್ದನೆಯ ಹುಡುಗ ಕಣ್ಣು ಕಿರಿದು ಮಾಡಿ ನೋಡಿದರೆ ಕುರ್ಚಿ ತಾನಾಗಿ ಸರಿಯಿತು. ಗುಂಗುರು ಕೂದಲಿನವಳು ಕೈ ಆಡಿಸಿದರೆ ಗೋಡೆಗೊರಗಿದ್ದ ಸೈಕಲ್ಲು ನೆಲ ಬಿಟ್ಟು ಮೇಲೆದ್ದಿತು. ಕಾಂಪೌಂಡಿನ ಎತ್ತರಕ್ಕೆ ಹೋಗಿ, ಹ್ಯಾಂಡಲ್ ತಿರುಗಿಸಿ ಸುತ್ತಮುತ್ತ ನೋಡಿ, ಮೆಲ್ಲಗೆ ಇಳಿಯಿತು. ಆಮೇಲೆ, ಅದುವರೆಗೆ ಕ್ಯಾಮೆರಾ ಹಿಡಿದಿದ್ದ ಮೂರನೆಯವಳು ಅದನ್ನು ಗೆಳತಿಯ ಕೈಗೆ ಕೊಟ್ಟು ಮುಂದೆ ಬಂದು ನಿಂತಳು.

ಸಿಕ್ತಾ ಸಾರ್ ಅವರ ಒಬ್ಬಳೇ ಮಗಳು!

ಅವಳು ರಸ್ತೆಯ ಪಕ್ಕ ನಿಂತು ಗಂಭೀರವಾಗಿ ಬಲಗೈ ಎತ್ತಿದಳು. ದೂರದಿಂದ ಧೂಳೆಬ್ಬಿಸಿಕೊಂಡು ಬರುತ್ತಿದ್ದ ದೊಡ್ಡ ಬಸ್ಸು ಕಿರ್ರನೆ ಅವಳ ಮುಂದೆಯೇ ನಿಂತುಬಿಟ್ಟಿತು. ಅದು ಬಸ್ ಸ್ಟಾಪು ಎಂಬ ಸಂಗತಿ ಹದಿನೇಳು ವರ್ಷ ಡಿಪೋದಲ್ಲಿ ದುಡಿದವರ ತಲೆಗೆ ಹೊಳೆಯಲಿಲ್ಲ.

ಈಗ ಮಗಳ ಮುಖ ಪರದೆಯ ತುಂಬ ಬಂತು. "ಈ ಕ್ಯಾಮೆರಾ ಯಾರ ಕೈಗಾದ್ರೂ ಸಿಕ್ಕಿದ್ರೆ, ದಯವಿಟ್ಟು ನಮ್ಮನ್ನ ಏನೂ ಕೇಳಬೇಡಿ. ನಿಮಗೆ ವಿಷಯ ಗೊತ್ತು ಅಂತ ನಮಗೆ ಗೊತ್ತಾದ ದಿನ ನಾವು ಊರು ಬಿಟ್ಟು ಹೋಗ್ಬೇಕಾಗುತ್ತೆ. ಮುಖ್ಯವಾಗಿ ನಮ್ಮಪ್ಪನಿಗೆ ಹೇಳಬೇಡಿ. ತುಂಬ ಒಳ್ಳೆಯವರು. ಆದ್ರೆ ಒಂದೇ ದಿನದಲ್ಲಿ ಊರಿಗೆಲ್ಲ ಹೇಳ್ಬಿಡ್ತಾರೆ."

ಚಿತ್ರ ಇನ್ನೂ ಆರೇಳು ನಿಮಿಷ ಬಾಕಿಯಿತ್ತು. ಸಿಕ್ತಾ ಸಾರ್ ಅಲ್ಲಿಗೇ ನಿಲ್ಲಿಸಿದರು. ಹದಿನೈದು ವರ್ಷದ ಹುಡುಗಿ. ಲೆಕ್ಕದಲ್ಲಿ ಹಿಂದೆ, ಓಟದಲ್ಲಿ ಹಿಂದೆ, ಯಾರಾದರೂ ಮಾತಾಡಿಸಿದರೆ ಬಾಗಿಲ ಹಿಂದೆ. ಆ ಹುಡುಗಿ ಬಸ್ಸು ನಿಲ್ಲಿಸಿದ್ದಾಳೆ! ಕುಳಿತಲ್ಲೇ ಅವರ ಎದೆ ಎರಡು ಇಂಚು ಅಗಲವಾಯಿತು. ಊರಿಗೆಲ್ಲ ಹೇಳುತ್ತಾರೆಂಬ ಮಾತು ಮಾತ್ರ ಚುಚ್ಚಿತು. 'ನೋಡೇಬಿಡೋಣ, ಒಂದು ನರಪಿಳ್ಳೆಗೂ ಹೇಳುವುದಿಲ್ಲ' ಎಂದು ಶಪಥ ಮಾಡಿ, ಕ್ಯಾಮೆರಾವನ್ನು ಬೀರುವಿನಲ್ಲಿ ಟೋಪಿಗಳ ಹಿಂದೆ ಬಚ್ಚಿಟ್ಟರು. ರಿಜಿಸ್ಟರಿನಲ್ಲಿ ಮೊದಲ ಬಾರಿಗೆ ಒಂದು ವಸ್ತು ದಾಖಲಾಗದೆ ಉಳಿಯಿತು.

ಆ ಸಂಜೆ ಮಗಳ ಮುಖ ಬಾಡಿತ್ತು. ಕಣ್ಣು ಕೆಂಪಗಿತ್ತು. ಶಕ್ತಿ ಒಳಗೊಳಗೇ ಕುದಿಯುತ್ತಿದೆ ಎಂದು ಸಿಕ್ತಾ ಸಾರ್ ಅರ್ಥ ಮಾಡಿಕೊಂಡರು. ಊಟಕ್ಕೆ ಕೂತಾಗ ಅವಳು ತಟ್ಟೆ ನೋಡುತ್ತಲೇ ಕೇಳಿದಳು.

"ಅಪ್ಪಾ, ಇವತ್ತು ನಿಮ್ಮ ಕಿಟಕೀಲಿ ಏನಾದ್ರೂ ವಿಶೇಷವಾಗಿ ಸಿಕ್ತಾ?"

ಪರೀಕ್ಷೆ ಮಾಡುತ್ತಿದ್ದಾಳೆ! ಗೊತ್ತೆಂದು ಗೊತ್ತಾದರೆ ಊರು ಬಿಟ್ಟಾಳು! ಸಿಕ್ತಾ ಸಾರ್ ನೀರು ಕುಡಿದು, ಸಾವಧಾನವಾಗಿ ಹೇಳಿದರು: "ಒಂದು ಕೊಡೆ. ಎರಡು ಟೋಪಿ. ಒಂದು ಕಾಲಿನ ಚಪ್ಪಲಿ."

"ಅಷ್ಟೇನಾ?"

"ಅಷ್ಟೇ."

ಅವಳು ಒಂದು ಕ್ಷಣ ಅವರ ಮುಖವನ್ನೇ ನೋಡಿ, ಅರ್ಧ ಊಟಕ್ಕೇ ಎದ್ದು ಹೋದಳು. ಹದಿನೇಳು ವರ್ಷದಲ್ಲಿ ಆ ಪ್ರಶ್ನೆಗೆ ಸಿಕ್ತಾ ಸಾರ್ ಹೇಳಿದ ಮೊದಲ ಸುಳ್ಳು ಅದು.

ಶಪಥ ಮಂಗಳವಾರ ಬೆಳಗಿನವರೆಗೆ ಬಾಳಿತು. ಹೆಂಡತಿಗೆ ಹೇಳಿದರೆ ಹೇಳಿದಂತಲ್ಲ ಎಂದು ತೀರ್ಮಾನಿಸಿ ಅಡುಗೆಮನೆಯ ಬಾಗಿಲು ಹಾಕಿಕೊಂಡು ಹೇಳಿದರು.

"ಅವಳಿಗೆ ಶಕ್ತಿನಾ?" ಹೆಂಡತಿ ಸೌಟು ಹಿಡಿದೇ ತಿರುಗಿದರು. "ಉಂಡ ತಟ್ಟೆ ಎತ್ತಿಡು ಅಂದ್ರೆ ಎತ್ತಲ್ಲ, ಸೈಕಲ್ ಎತ್ತುತ್ತಾಳಂತೆ! ಏನೋ ಪ್ರಾಜೆಕ್ಟು ಅಂತಿದ್ಲು ರೀ, ಅದೇ ಇರ್ಬೇಕು. ಅವಳನ್ನೇ ಕೇಳಿ."

"ಯಾವ ಪ್ರಾಜೆಕ್ಟಲ್ಲೇ ಬಸ್ಸು ನಿಲ್ಲುತ್ತೆ? ಕೇಳಿದ್ರೆ ಮನೆ ಬಿಟ್ಟು ಹೋಗ್ತಾಳೆ. ನನ್ನ ಮೇಲಾಣೆ, ನೀನು ಬಾಯಿ ಬಿಡಬಾರದು."

ಆಕೆ ಬಾಯಿ ಬಿಡಲಿಲ್ಲ. ಸಿಕ್ತಾ ಸಾರ್ ಬಿಟ್ಟರು. ಫ್ರಿಜ್ ರಿಪೇರಿ ಮಾಡುವ ಭಾವಮೈದ ಮೊದಲು ನಕ್ಕ. ಆಮೇಲೆ ದನಿ ತಗ್ಗಿಸಿ, "ಭಾವ, ಕರೆಂಟಿಲ್ದೆ ಫ್ರಿಜ್ ಓಡಿಸ್ತಾಳಾ ಕೇಳಿ ನೋಡಿ" ಎಂದ. ಮೇಲಿನ ಮನೆಯ ನಿವೃತ್ತ ಟೈಪಿಂಗ್ ಟೀಚರಮ್ಮನಿಗೆ ಯಾವುದೂ ಸೋಜಿಗವೆನಿಸಲಿಲ್ಲ. "ನನಗೆ ಆಗ್ಲೇ ಅನುಮಾನ ಇತ್ತು. ಮೆಟ್ಟಿಲು ಹತ್ತುವಾಗ ಸದ್ದೇ ಆಗಲ್ಲ ಅವಳದ್ದು. ನಂದೊಂದು ಕಬ್ಬಿಣದ ಬೀರು ಇದೆ, ಈ ಗೋಡೆಯಿಂದ ಆ ಗೋಡೆಗೆ ಹೋಗ್ಬೇಕು. ಪುರುಸೊತ್ತಾದಾಗ ಕಳಿಸಿ."

ಬುಧವಾರದ ಹೊತ್ತಿಗೆ ಹುಡುಗಿ ಮೆಟ್ಟಿಲಿಳಿದರೆ ಅಕ್ಕಪಕ್ಕದವರು ಗೋಡೆಗೊತ್ತಿ ದಾರಿ ಬಿಡತೊಡಗಿದರು. ಒಬ್ಬಾತ ಅವಳನ್ನು ಕಂಡವನೇ ತನ್ನ ಸೈಕಲ್ಲಿಗೆ ಎರಡನೇ ಬೀಗ ಹಾಕಿದ. ಆ ಸಂಜೆ ಸಿಕ್ತಾ ಸಾರ್ ಕೂಡ ತಡೆಯಲಾರದೆ, "ಆ ಪೇಪರ್ ಕೊಡು ಮಗಳೇ. ಏಳಬೇಡ, ಕೂತಲ್ಲಿಂದಲೇ ಕೊಡು" ಎಂದರು.

"ಕೂತಲ್ಲಿಂದ ಹೇಗೆ ಕೊಡೋದು?"

"ನಿನಗೆ ಹೇಗೆ ಅನುಕೂಲವೋ ಹಾಗೆ."

ಅವಳು ಎದ್ದು ಬಂದು ಪೇಪರನ್ನು ಅವರ ತೊಡೆಯ ಮೇಲಿಟ್ಟು ಹೋದಳು. ಎಂಥ ಸಂಯಮ ಎಂದು ಸಿಕ್ತಾ ಸಾರ್ ತಲೆದೂಗಿದರು.

ಗುರುವಾರ ಡಿಪೋದ ಟೈಮ್‌ಕೀಪರು ಕಿಟಕಿಗೆ ಬಂದ. ಬಸ್ಸುಗಳ ಸಮಯವೊಂದನ್ನು ಬಿಟ್ಟು ಲೋಕದ ಮಿಕ್ಕೆಲ್ಲವೂ ತಿಳಿದವನು. "ಇಂಥ ಮಕ್ಕಳನ್ನ ದೊಡ್ಡೋರು ಸುಮ್ನೆ ಬಿಡಲ್ಲ ಸಾರ್. ಬಿಳೀ ಗಾಡೀಲಿ ಬರ್ತಾರೆ. ಗಾಜಿನ ರೂಮಲ್ಲಿ ಕೂರಿಸಿ ತಲೆಗೆ ವೈರ್ ಹಚ್ತಾರೆ. ಸಾಕ್ಷಿ ಗೀಕ್ಷಿ ಇದ್ರೆ ಮೊದಲು ಇಲ್ಲ ಅನ್ನಿಸಿ."

ಅವನು ಬಾಯಿ ಮುಚ್ಚುವಷ್ಟರಲ್ಲಿ ಗೇಟಿನೊಳಗೆ ಒಂದು ಬಿಳಿ ವ್ಯಾನು ಬಂತು. ಅದು ಪ್ರತಿ ಗುರುವಾರ ಕುಡಿಯುವ ನೀರಿನ ಕ್ಯಾನು ತರುವ ವ್ಯಾನು. ಆದರೆ ಭಯ ಹೊಕ್ಕ ಕಣ್ಣಿಗೆ ಕ್ಯಾನೂ ಕಾಣಲಿಲ್ಲ, ಅದನ್ನು ಹೊತ್ತವನೂ ಕಾಣಲಿಲ್ಲ. ಗಾಜಿನ ಕೋಣೆಯಲ್ಲಿ ತಲೆ ತಗ್ಗಿಸಿ ಕೂತ ಮಗಳೊಬ್ಬಳೇ ಕಂಡಳು. ಸಿಕ್ತಾ ಸಾರ್ ಬೀರುವಿನ ಹಿಂದೆ ಕುಕ್ಕರಗಾಲಿನಲ್ಲಿ ಕೂತು ಕ್ಯಾಮೆರಾ ತೆರೆದು, ಸಿಕ್ಕ ಗುಂಡಿಗಳನ್ನೆಲ್ಲ ಒತ್ತಿದರು. 'ಎಲ್ಲವನ್ನೂ ಅಳಿಸಲೇ?' ಎಂದು ಅದು ಕೇಳಿತು. ಒತ್ತಿದರು. 'ಖಚಿತವೇ?' ಎಂದು ಇನ್ನೊಮ್ಮೆ ಕೇಳಿತು.

"ಖಂಡಿತ" ಎಂದು ಬಾಯಿಬಿಟ್ಟೇ ಹೇಳಿ ಒತ್ತಿದರು. ಮುಚ್ಚುವಾಗ ಇನ್ನಾವುದೋ ಗುಂಡಿ ಅದುಮಿದಂತಾಗಿ ಮೂಲೆಯಲ್ಲೊಂದು ಕೆಂಪು ಚುಕ್ಕೆ ಮಿಣುಕತೊಡಗಿತು. ಅದನ್ನು ಗಮನಿಸದೆ, ಕ್ಯಾಮೆರಾವನ್ನು ಮತ್ತೆ ಟೋಪಿಗಳ ಹಿಂದೆ ತಳ್ಳಿ, ಬೆವರು ಒರೆಸಿಕೊಂಡು ಕೂತರು. ಮಗಳನ್ನು ಉಳಿಸಿಕೊಂಡೆ ಎಂಬ ಸಮಾಧಾನ ಅವರ ಮುಖದಲ್ಲಿತ್ತು. ಅಷ್ಟು ನೆಮ್ಮದಿ ಅವರಿಗೆ ಆ ಮೇಲೆ ಸಿಗಲಿಲ್ಲ.

ಸ್ವಲ್ಪ ಹೊತ್ತಿಗೆ ಡಿಪೋ ಮ್ಯಾನೇಜರು ತಾವೇ ನಡೆದು ಬಂದರು. ಬಂದವರು, "ಕೂತ್ಕೊಳ್ರೀ, ಕೂತ್ಕೊಳಿ" ಎಂದರು. ಎದ್ದು ನಿಲ್ಲಬೇಡಿ ಎಂದು ಮ್ಯಾನೇಜರು ಅವರಿಗೆ ಹಿಂದೆಂದೂ ಹೇಳಿದ್ದಿಲ್ಲ. ವಿಷಯ ಇಷ್ಟೇ: ಅಂಗಳದಲ್ಲಿ ಮೂರು ತಿಂಗಳಿಂದ ಕೆಟ್ಟು ನಿಂತ ಒಂದು ಬಸ್ಸಿತ್ತು. ಸೋಮವಾರ ಮೇಲಿನವರು ತಪಾಸಣೆಗೆ ಬರುವವರಿದ್ದರು. ಅಷ್ಟರೊಳಗೆ ಅದು ಶೆಡ್ಡಿನ ಹಿಂದಕ್ಕೆ ಸರಿದುಬಿಟ್ಟರೆ ಎಲ್ಲರ ಮಾನ ಉಳಿಯುತ್ತಿತ್ತು.

"ಆದ್ರೆ ಸಾರ್, ನಮಗೆ ಗೊತ್ತು ಅಂತ ಅವಳಿಗೆ ಗೊತ್ತಾಗಬಾರದು."

"ಗೊತ್ತಾಗದ ಹಾಗೆ ಸರಿಸಲಿ ಬಿಡ್ರೀ. ನಮಗೇನು ಬಸ್ ಸರಿದ್ರೆ ಸಾಕು."

ಈ ಮಾತು ಸಿಕ್ತಾ ಸಾರ್ ಅವರಿಗೆ ಸಮಂಜಸವಾಗಿಯೇ ಕಂಡಿತು. ಮ್ಯಾನೇಜರು ಎದುರಿಗೆ ಕೂತು ಮಾತಾಡುವಾಗ ಯಾವುದು ತಾನೇ ಸಮಂಜಸವಲ್ಲ?

ಶನಿವಾರ ಮಧ್ಯಾಹ್ನ ಒಂದಕ್ಕೆ, ಮರೆತ ಕನ್ನಡಕ ತಂದುಕೊಡು ಎಂಬ ನೆಪದಲ್ಲಿ ಮಗಳನ್ನು ಡಿಪೋಗೆ ಕರೆಸಿದರು. ಅಂಗಳದಲ್ಲಿ ಜನವೋ ಜನ. ಯಾರೂ ಅವಳನ್ನು ನೋಡಲು ಬಂದವರಲ್ಲವೆಂದು ತೋರಿಸಿಕೊಳ್ಳಲು ಎಲ್ಲರೂ ಏನಾದರೊಂದು ಮಾಡುತ್ತಿದ್ದರು. ಕಂಡಕ್ಟರುಗಳು ಟಿಕೆಟ್ ಕಟ್ಟನ್ನು ತಲೆಕೆಳಗು ಹಿಡಿದು ಎಣಿಸುತ್ತಿದ್ದರು. ಟೀಚರಮ್ಮ ಟೈರೊಂದನ್ನು ಕೊಳ್ಳುವವರಂತೆ ಒತ್ತಿ ಒತ್ತಿ ನೋಡುತ್ತಿದ್ದರು. ಭಾವಮೈದ ಆಕಾಶ ನೋಡುತ್ತಿದ್ದ.

"ಕನ್ನಡಕ ತಗೊಳಿ ಅಪ್ಪಾ."

"ಇರಲಿ ಮಗಳೇ. ಸ್ವಲ್ಪ ಇಲ್ಲಿ ನಿಂತ್ಕೋ. ಹೀಗೆ, ಬಸ್ಸಿನ ಕಡೆ ತಿರುಗಿ. ಈಗ ಬಲಗೈ ಎತ್ತು."

"ಯಾಕೆ?"

"ಸುಮ್ನೆ. ಗಾಳಿ ಎತ್ತ ಕಡೆಯಿಂದ ಬರ್ತಿದೆ ನೋಡೋಣ."

ಅಪ್ಪನ ವಿಚಿತ್ರಗಳಿಗೆ ಒಗ್ಗಿಹೋಗಿದ್ದ ಹುಡುಗಿ ಕೈ ಎತ್ತಿದಳು. ಕೆಟ್ಟ ಬಸ್ಸು ಕೆಟ್ಟಲ್ಲೇ ನಿಂತಿತ್ತು. ಆದರೆ ಅದೇ ಹೊತ್ತಿಗೆ ಅದರ ಪಕ್ಕದಿಂದ ಒಳಬರುತ್ತಿದ್ದ ಹನ್ನೊಂದನೇ ನಂಬರಿನ ಬಸ್ಸು ಕಿರ್ರನೆ ಅವಳ ಮುಂದೆ ನಿಂತಿತು.

"ನಿಲ್ಸಿದ್ಲು!" ಎಂದು ಟೀಚರಮ್ಮ ಚೀರಿದರು. ಮೆಕ್ಯಾನಿಕ್ಕನ ಕೈಯ ಸ್ಪಾನರು ಅವನ ಕಾಲ ಮೇಲೆಯೇ ಬಿತ್ತು. ಮ್ಯಾನೇಜರು ಟೋಪಿ ತೆಗೆದರು.

ಡ್ರೈವರು ಕಿಟಕಿಯಿಂದ ಮುಖ ಹೊರಹಾಕಿ, "ಏನ್ರೋ ನಿಲ್ಸಿದ್ಲು? ಮಗು ಅಡ್ಡ ನಿಂತು ಕೈ ತೋರಿಸಿದ್ರೆ ನಿಲ್ಲಿಸದೆ ಮೇಲೆ ಹತ್ತಿಸ್ಲಾ?" ಎಂದ.

ಹುಡುಗಿ ಕೈ ಇಳಿಸಿದಳು. ಬಸ್ಸನ್ನು ನೋಡಿದಳು, ತನ್ನ ಕೈ ನೋಡಿಕೊಂಡಳು, ಸುತ್ತ ನಿಂತವರ ಮುಖಗಳನ್ನು ಒಂದೊಂದಾಗಿ ನೋಡಿದಳು. ವಾರದಿಂದ ಮೆಟ್ಟಿಲಲ್ಲಿ ದಾರಿ ಬಿಟ್ಟವರೆಲ್ಲ ಅಲ್ಲಿದ್ದರು.

"ಅಪ್ಪಾ, ಕ್ಯಾಮೆರಾ ನಿಮ್ಮ ಹತ್ರ ಇತ್ತಾ?"

"ಇತ್ತು. ನೀನು ಹೆದರ್ಬೇಡ—"

"ನಾನು ಕೇಳ್ದಾಗ ಇಲ್ಲ ಅಂದ್ರಿ."

"ನಿನ್ನ ಒಳ್ಳೇದಕ್ಕೇ ಮಗಳೇ! ನೀನು ಊರು ಬಿಟ್ಟು ಹೋಗಬಾರದು ಅಂತ!"

"ಅಪ್ಪಾ, ಅದು ಸಿನಿಮಾ! ನಾವು ಮೂರು ಜನ ಸೇರಿ ತೆಗೆದ ಸಿನಿಮಾ. ಯಾರೋ ಮಕ್ಕಳ ಕ್ಯಾಮೆರಾ ಯಾರಿಗೋ ಸಿಗೋ ಹಾಗೆ ಕಥೆ. ಸ್ಕೂಲಿನ ಕ್ಯಾಮೆರಾ, ಹೇಳದೆ ತಂದಿದ್ವಿ. ಇವತ್ತು ಸಂಜೆ ಐದು ಗಂಟೆಗೆ ಸ್ಪರ್ಧೆಗೆ ಕೊಡ್ಬೇಕು."

ಅಂಗಳದಲ್ಲಿ ನಗುವಿನ ಅಲೆಯೆದ್ದಿತು. ಸಿಕ್ತಾ ಸಾರ್ ಅವರಿಗೆ ಆ ನಗು ಕೇಳಿಸಲಿಲ್ಲ. ಐದು ದಿನದಿಂದ ಅಗಲವಾಗಿದ್ದ ಎದೆ ಗಾಳಿ ಬಿಟ್ಟ ಟ್ಯೂಬಿನಂತೆ ಇಳಿಯಿತು. ಮುಖ ಜೋತುಬಿತ್ತು. ಬಾಯಿಂದ ಒಂದು ಮಾತು ಜಾರಿತು.

"ಬರೀ ಸಿನಿಮಾನಾ?"

ಎರಡೇ ಪದ. ಈಗಲೂ ಸಿಕ್ತಾ ಸಾರ್ ಅವರಿಗೆ ಅನ್ನಿಸುವುದುಂಟು: ಕ್ಯಾಮೆರಾ ವಿಷಯ ಹಾಳಾಗಲಿ, ಆ 'ಬರೀ' ಎಂಬುದನ್ನೊಂದು ನುಂಗಿಕೊಂಡಿದ್ದರೆ ಎಷ್ಟೋ ಚೆನ್ನಾಗಿತ್ತು. ಅದು ಹೊರಬಿದ್ದಾಗ ಮಗಳು ನಗುತ್ತಿದ್ದವರನ್ನು ನೋಡುತ್ತಿರಲಿಲ್ಲ, ಅಪ್ಪನ ಮುಖವನ್ನೇ ನೋಡುತ್ತಿದ್ದಳು.

"ಹೌದು. ಬರೀ ಸಿನಿಮಾ" ಎಂದಳು. "ಕೊಡಿ, ಹೋಗ್ತೀನಿ. ಟೈಮಾಗುತ್ತೆ."

ಆಗ ಸಿಕ್ತಾ ಸಾರ್ ಉಳಿದದ್ದನ್ನೂ ಹೇಳಬೇಕಾಯಿತು.

ಅಪ್ಪ ಮಗಳು ಕ್ಯಾಮೆರಾ ಹಿಡಿದುಕೊಂಡು ಹೋದ ಕಂಪ್ಯೂಟರ್ ರಿಪೇರಿ ಅಂಗಡಿಗೆ ಉದ್ದನೆಯ ಹುಡುಗನೂ ಗುಂಗುರು ಕೂದಲಿನವಳೂ ಓಡಿಬಂದರು. ಬಸ್ಸಿನಲ್ಲಿ ನಿದ್ದೆಹೋಗಿ ಕ್ಯಾಮೆರಾ ಬಿಟ್ಟವಳು ತಾನೇ ಎಂದು ಗುಂಗುರು ಕೂದಲಿನವಳು ಆಗಲೇ ಒಂದು ವಾರಕ್ಕಾಗುವಷ್ಟು ಅತ್ತಿದ್ದಳು. ಅಂಗಡಿಯವನು ಕಾರ್ಡನ್ನು ಹೊರತೆಗೆದು ಮಿಷಿನ್ನಿಗೆ ಹಾಕಿದ.

"ಅಳಿಸಿದ್ದನ್ನ ವಾಪಸ್ ತೆಗೀಬಹುದು. ಕೆಲವು ಸಲ ಎಲ್ಲಾ ಬರುತ್ತೆ" ಎಂದ. ಮೂವರೂ ಪರದೆಯತ್ತ ಬಗ್ಗಿದರು. ಅವರ ಹಿಂದೆ ನಿಂತ ಸಿಕ್ತಾ ಸಾರ್ ಕೂಡ. ಅವನು ಹುಬ್ಬು ಗಂಟಿಕ್ಕಿದ. "ಅಳಿಸಿದ ಮೇಲೆ ಇದರಲ್ಲಿ ಮತ್ತೆ ಏನೋ ರೆಕಾರ್ಡ್ ಮಾಡಿದ್ದೀರಲ್ಲ? ಒಂದು ಗಂಟೆಗಿಂತ ಜಾಸ್ತಿ ಇದೆ. ಕಾರ್ಡ್ ತುಂಬೋವರೆಗೂ ಓಡಿದೆ. ಹಳೇದರ ಮೇಲೆ ಹೊಸದು ಕೂತ್ಬಿಟ್ಟಿದೆ."

"ನಾನೇನೂ ಮಾಡಿಲ್ಲಪ್ಪ" ಎಂದರು ಸಿಕ್ತಾ ಸಾರ್.

ಅಂಗಡಿಯವನು ಗುಂಡಿ ಒತ್ತಿದ. ಪರದೆಯಲ್ಲಿ ಕಪ್ಪು. ಬೀರುವಿನೊಳಗಿನ ಕತ್ತಲು, ಅಂಚಿನಲ್ಲಿ ಒಂದು ಟೋಪಿಯ ನೆರಳು. ಆದರೆ ದನಿ ಸ್ಪಷ್ಟವಾಗಿತ್ತು.

"ಯಾರಿಗೂ ಹೇಳಬೇಡಿ ಮೆಕ್ಯಾನಿಕ್ಕರೇ, ನಮ್ಮ ಹುಡುಗಿ..."

"ಯಾರಿಗೂ ಹೇಳಬೇಡಿ ಕ್ಯಾಂಟೀನ್ ಸಾಹೇಬ್ರೇ, ನಿಮಗೊಬ್ಬರಿಗೇ ಅಂತ..."

"ರೀ ನೀರಿನ ಕ್ಯಾನಿನವರೇ, ಓ, ನೀವಾ? ಯಾರಿಗೂ ಹೇಳಬೇಡಿ..."

ಉದ್ದನೆಯ ಹುಡುಗನಿಗೆ ನಗು ತಡೆಯಲಾಗಲಿಲ್ಲ. ಗೆಳತಿಯ ಮುಖ ನೋಡಿ ತಡೆದುಕೊಂಡ. ಅಷ್ಟರಲ್ಲಿ ಕುರ್ಚಿ ಎಳೆದ ಸದ್ದು, ಮ್ಯಾನೇಜರಿಗೆ ಹೇಳುತ್ತಿದ್ದ ದನಿ: "ಇಷ್ಟು ವರ್ಷ ನಮ್ಮ ಹುಡುಗಿ ಏನಕ್ಕೂ ಬರಲ್ಲ ಅಂದ್ಕೊಂಡಿದ್ದೆ ಸಾರ್. ಯಾರಾದ್ರೂ ಕೇಳಿದ್ರೆ ಹೇಳ್ಕೊಳೋಕೂ ಏನೂ ಇರ್ಲಿಲ್ಲ. ಈಗ ನೋಡಿ!"

"ಸಾಕು, ನಿಲ್ಸಿ" ಎಂದಳು ಮಗಳು.

ಆಗಲೇ ಮಧ್ಯಾಹ್ನ ಮೂರು. ಐದು ಗಂಟೆಯೊಳಗೆ ಮತ್ತೆ ತೆಗೆಯುವ ಮಾತೇ ಇರಲಿಲ್ಲ. ಮಿಕ್ಕ ಮಕ್ಕಳಿಬ್ಬರೂ ಕ್ಯಾಮೆರಾವನ್ನು ಸ್ಕೂಲಿಗೆ ಒಪ್ಪಿಸಿ ಬೈಸಿಕೊಳ್ಳಲು ಹೋದರು. ಅಪ್ಪ ಮಗಳು ಮನೆಯ ಬಸ್ಸು ಹತ್ತಿದರು. ಅವಳು ಕಿಟಕಿಯ ಪಕ್ಕ ಕೂತಳು. ಸಿಕ್ತಾ ಸಾರ್ ಎರಡು ಸ್ಟಾಪು ನಿಂತೇ ಇದ್ದು, ಆಮೇಲೆ ಅಳುಕುತ್ತ ಪಕ್ಕಕ್ಕೆ ಕೂತರು.

"ಸೈಕಲ್ ಹೇಗೆ ಹಾರಿಸಿದ್ರಿ?" ಎಂದು ಕೇಳಿದರು. ಸಮಾಧಾನ ಮಾಡಲು ಬೇರೆ ದಾರಿ ಅವರಿಗೆ ಗೊತ್ತಿರಲಿಲ್ಲ.

"ಪ್ಲಾಸ್ಟಿಕ್ ದಾರ. ತಾರಸಿ ಮೇಲಿಂದ ಎಳೆದಿದ್ವಿ. ನಿಮಗೆ ಕಾಣಲಿಲ್ವಾ?"

"ಇಲ್ಲ."

"ನಿಜವಾಗ್ಲೂ?"

"ನಿಜವಾಗ್ಲೂ. ನನ್ನ ಟೀ ಆರಿಹೋಯ್ತು."

ಅವಳ ತುಟಿಯ ಅಂಚು ಸ್ವಲ್ಪ ಮೇಲೇರಿತು. ಮೂರು ವಾರ ಬಿಸಿಲಲ್ಲಿ ದಾರ ಎಳೆದದ್ದಕ್ಕೆ ಸಿಕ್ಕ ಬಹುಮಾನ ಅದೊಂದೇ. ಏನೋ ನೆನಪಾಗಿ ಆ ತುಟಿಯಂಚೂ ಇಳಿಯಿತು.

"ಕೊನೇದು ನೋಡಿದ್ರಾ?"

"ಇಲ್ಲ ಮಗಳೇ. ಅಪ್ಪನಿಗೆ ಹೇಳಬೇಡಿ ಅಂದೆಯಲ್ಲ, ಅಲ್ಲಿಗೆ ನಿಲ್ಲಿಸ್ಬಿಟ್ಟೆ. ಏನಿತ್ತು ಅದರಲ್ಲಿ?"

ಅವಳು ಕಿಟಕಿಯಾಚೆ ನೋಡುತ್ತ ಹೇಳಿದಳು. "ಕೊನೇಲಿ ನಾನು ಅಪ್ಪನಿಗೇ ಎಲ್ಲಾ ಹೇಳ್ತೀನಿ. ಅಪ್ಪ ಕೇಳಿಸ್ಕೊಂಡು ಸುಮ್ನೆ ಕೂತಿರ್ತಾರೆ. ಯಾರಿಗೂ ಹೇಳಲ್ಲ."

ಬಸ್ಸು ಒಂದು ಸ್ಟಾಪಿನಲ್ಲಿ ನಿಂತು ಹೊರಟಿತು.

"ಅಪ್ಪನ ಪಾತ್ರ ಯಾರು ಮಾಡಿದ್ರು?"

"ಯಾರೂ ಇಲ್ಲ. ಕುರ್ಚಿಗೆ ನಿಮ್ಮ ಕೋಟು ಹಾಕಿ ಹಿಂದಿನಿಂದ ತೆಗೆದ್ವಿ."

ಸಿಕ್ತಾ ಸಾರ್ ಏನೋ ಹೇಳಲು ಬಾಯಿ ತೆರೆದರು. ಏನೂ ಹೊಳೆಯದೆ, ಜೀವನದಲ್ಲಿ ಬಹುಶಃ ಮೊದಲ ಸಲ, ಹಾಗೇ ಮುಚ್ಚಿಕೊಂಡರು.

ಮುಂದಿನ ವರ್ಷ ಆ ಮೂವರೂ ಇನ್ನೊಂದು ಚಿತ್ರ ಶುರುಮಾಡಿದರು. ಈ ಸಲ ಸ್ಕೂಲಿನವರನ್ನು ಕೇಳಿಯೇ ಕ್ಯಾಮೆರಾ ತಂದರು. ಸಿಕ್ತಾ ಸಾರ್ ಅವರಿಗೆ ಇದು ತಿಳಿದದ್ದು ಡಿಪೋದಲ್ಲಿ. ಮ್ಯಾನೇಜರು ಕಿಟಕಿಯ ಬಳಿ ನಿಂತು, "ಏನ್ರೀ, ಮಗಳು ಮತ್ತೆ ಸಿನಿಮಾ ತೆಗೀತಿದ್ದಾಳಂತೆ? ಏನು ಕಥೆ?" ಎಂದು ಕೇಳಿದರು. ಟೀ ಕಟ್ಟೆಯ ಮೇಲಿದ್ದವರೆಲ್ಲ ಕಿವಿ ಇತ್ತ ತಿರುಗಿಸಿದರು.

"ಗೊತ್ತಿಲ್ಲ ಸಾರ್."

"ನಮಗೂ ಹೇಳಲ್ವಾ? ಯಾರಿಗೂ ಹೇಳಲ್ಲ, ಹೇಳ್ರೀ."

"ನಿಜವಾಗ್ಲೂ ಗೊತ್ತಿಲ್ಲ ಸಾರ್."

ಮ್ಯಾನೇಜರು ಮೆಚ್ಚುಗೆಯಿಂದ ಅವರ ಹೆಗಲು ತಟ್ಟಿದರು. "ಅಂತೂ ಇಷ್ಟು ವರ್ಷಕ್ಕೆ ಬಾಯಿ ಬಿಗಿಹಿಡಿಯೋದು ಕಲಿತ್ರಿ ಬಿಡಿ. ಭೇಷ್!"

ಟೀ ಕಟ್ಟೆಯವರೂ ಹೌದೆಂದು ತಲೆಯಾಡಿಸಿದರು. ಸಿಕ್ತಾ ಸಾರ್ ಆ ಹೊಗಳಿಕೆಯನ್ನು ಅಲ್ಲಗಳೆಯಲಿಲ್ಲ. ಮನೆಯಲ್ಲಿ ತಮಗೆ ಯಾರೂ ಏನೂ ಹೇಳಿಲ್ಲವೆಂದು ಅಷ್ಟು ಜನರ ಮುಂದೆ ಹೇಳಿಕೊಳ್ಳುವುದಕ್ಕಿಂತ, ಗುಟ್ಟು ಕಾಯುವವನೆಂದು ಅನ್ನಿಸಿಕೊಳ್ಳುವುದೇ ಸುಲಭವಾಗಿತ್ತು. ಅವರು ರಿಜಿಸ್ಟರು ಬಿಡಿಸಿಕೊಂಡು, ಬೆಳಿಗ್ಗೆ ಬಂದ ಕೈಚೀಲವೊಂದರ ಬಣ್ಣ ಬರೆದುಕೊಳ್ಳತೊಡಗಿದರು.